ಕಾಂಗರೂ ಆರೈಕೆ ಅಷ್ಟು ಅಗ್ಗವೇ?

ಕಾಂಗರೂ ಮದರ್ ಕೇರ್ (ಕೆಎಂಸಿ) ಬಗ್ಗೆ ಮಾತೆತ್ತಿದರೆ ಅಧಿಕಾರಿಗಳ ಬಾಯಲ್ಲಿ ಮೊದಲು ಬರುವುದು 'ಖರ್ಚಿಲ್ಲ' ಎಂಬ ಮಾತು. ತಿಂಗಳು ತುಂಬದೆ ಹುಟ್ಟಿದ ಒಂದೂವರೆ ಕಿಲೋ ಕೂಸನ್ನು ತಾಯಿಯ ಬರಿ ಎದೆಗೆ ಒರಗಿಸಿ ಬಟ್ಟೆ ಸುತ್ತಿದರಾಯಿತು. ಯಂತ್ರ ಬೇಡ, ಕರೆಂಟು ಬೇಡ. ಪದ್ಧತಿಯ ಬಗ್ಗೆ ನನ್ನ ತಕರಾರಿಲ್ಲ. ತಕರಾರಿರುವುದು ಅದನ್ನು ಹೊಗಳುವ ಈ ಧಾಟಿಯ ಬಗ್ಗೆ.

ಪದ್ಧತಿ ಹುಟ್ಟಿದ್ದು ಕೊರತೆಯಲ್ಲೇ, ನಿಜ. 1978ರ ಹೊತ್ತಿಗೆ ಕೊಲಂಬಿಯಾದ ಬೊಗೊಟಾದ ಸರ್ಕಾರಿ ಹೆರಿಗೆ ಆಸ್ಪತ್ರೆಯಲ್ಲಿ ಕೂಸುಗಳನ್ನು ಬೆಚ್ಚಗಿಡುವ ಗಾಜಿನ ಪೆಟ್ಟಿಗೆಗಳು (ಇನ್ಕ್ಯುಬೇಟರ್) ಸಾಲದೆ ಒಂದರಲ್ಲೇ ಒಂದಕ್ಕಿಂತ ಹೆಚ್ಚು ಮಕ್ಕಳನ್ನು ಮಲಗಿಸುತ್ತಿದ್ದರು, ಸೋಂಕು ಹಬ್ಬುತ್ತಿತ್ತು. ಡಾ. ಎಡ್ಗರ್ ರೇ ಸನಾಬ್ರಿಯಾ ಆಗ ತಾಯಂದಿರ ಮೈಶಾಖವನ್ನೇ ನೆಚ್ಚಿಕೊಂಡರು. ಬಡವರ ಉಪಾಯವಾಗಿ ಶುರುವಾದದ್ದು ಆಮೇಲೆ ಪೆಟ್ಟಿಗೆಗೆ ಕೊರತೆಯಿಲ್ಲದ ದೇಶಗಳಿಗೂ ಹೋಯಿತು.

ವಿಶ್ವ ಆರೋಗ್ಯ ಸಂಸ್ಥೆ ಭಾರತವೂ ಸೇರಿ ಐದು ದೇಶಗಳಲ್ಲಿ ನಡೆಸಿದ ಅಧ್ಯಯನದ ಫಲಿತಾಂಶ 2021ರಲ್ಲಿ ಬಂತು. 1ರಿಂದ 1.8 ಕಿಲೋ ಒಳಗಿನ 3,211 ಕೂಸುಗಳು. ಮಗು ಚೇತರಿಸಿಕೊಂಡ ಮೇಲೆ ಎದೆಗೆ ಕೊಡುವ ಬದಲು ಹುಟ್ಟಿದ ಕೂಡಲೇ ಕೊಟ್ಟಾಗ, 28 ದಿನದೊಳಗಿನ ಸಾವು ನೂರಕ್ಕೆ 15.7ರಿಂದ 12ಕ್ಕೆ ಇಳಿಯಿತು. ಉಳಿದ ಮಕ್ಕಳಿಗೆ ಇದನ್ನು ತಪ್ಪಿಸುವುದು ಸರಿಯಲ್ಲವೆಂದು ಅಧ್ಯಯನವನ್ನೇ ಅವಧಿಗೆ ಮುನ್ನ ನಿಲ್ಲಿಸಿದರು. ಭಾಷಣಗಳಲ್ಲಿ ಈ ಅಂಕಿ ಬರುತ್ತದೆ. ಅದು ಹೇಗೆ ದಕ್ಕಿತೆಂಬುದು ಬರುವುದಿಲ್ಲ. ದೆಹಲಿಯ ಸಫ್ದರ್‌ಜಂಗ್‌ನಂಥ ಅಧ್ಯಯನದ ಆಸ್ಪತ್ರೆಗಳಲ್ಲಿ ತಾಯಿಯ ಮಂಚವೇ ತೀವ್ರ ನಿಗಾ ಘಟಕದ ಒಳಗಿತ್ತು. ದಿನಕ್ಕೆ ಸುಮಾರು 17 ಗಂಟೆ ಕೂಸು ಎದೆಯ ಮೇಲಿತ್ತು. ಬಾಣಂತಿಯ ಬಿಪಿ, ಹೊಲಿಗೆ, ಮಾತ್ರೆ ಎಲ್ಲವನ್ನೂ ಅಲ್ಲೇ ನೋಡಿಕೊಳ್ಳುವ ಏರ್ಪಾಡಿತ್ತು. ನಾವು ಆ ಏರ್ಪಾಡನ್ನು ಬಿಟ್ಟು ಬಟ್ಟೆಯನ್ನಷ್ಟೇ ತಂದುಕೊಂಡಿದ್ದೇವೆ.

ಬಟ್ಟೆ ಸುತ್ತುವುದಾದರೂ ಸಲೀಸೇ? ಕೂಸು ಎದೆಗಳ ನಡುವೆ ನೆಟ್ಟಗಿರಬೇಕು, ಕೈಕಾಲು ಕಪ್ಪೆಯ ಹಾಗೆ ಮಡಚಿರಬೇಕು. ಮುಖ ಒಂದು ಪಕ್ಕಕ್ಕೆ, ಗದ್ದ ತುಸು ಮೇಲಕ್ಕೆ. ಗದ್ದ ಕೆಳಗೆ ಬಿತ್ತೋ, ಉಸಿರು ಕಟ್ಟುತ್ತದೆ. ಬಟ್ಟೆಯ ಮೇಲಂಚು ಕಿವಿಯ ಕೆಳಗೆ ಬರಬೇಕು. ಬಾಯಿಗೆ ಹಾಕಿದ ನಳಿಗೆ, ಪಾದಕ್ಕೆ ಸುತ್ತಿದ ಕೆಂಪು ದೀಪದ ಸೆನ್ಸರ್, ಕೈಯ ಡ್ರಿಪ್ ಯಾವುದೂ ಕಿತ್ತುಬರದಂತೆ ವಾರ್ಮರ್‌ನಿಂದ ಎತ್ತಿ ತಾಯಿಯ ಮೇಲೆ ಇಡಲು ನುರಿತ ಕೈ ಬೇಕು. ಚೀಪಲು ಶಕ್ತಿಯಿಲ್ಲದ ಕೂಸಿಗೆ ಹಿಂಡಿದ ಹಾಲನ್ನು ಒಳಲೆಯಿಂದ ತುಟಿಯಂಚಿಗೆ ಹನಿಹನಿಯಾಗಿ ಬಿಡಬೇಕು. ಇಂಥ ಮಕ್ಕಳು ಉಸಿರಾಡುವುದನ್ನೇ ಮರೆಯುವುದುಂಟು. ತಕ್ಷಣ ಗಮನಿಸಿ ಅಂಗಾಲು ತಟ್ಟಬೇಕು. ಹತ್ತೊಂಬತ್ತರ ಚೊಚ್ಚಲ ಬಾಣಂತಿಗೆ ಇದನ್ನೆಲ್ಲ ಗದರದೆ ಕಲಿಸಬೇಕಾದವರು ಸಿಸ್ಟರ್. ಅವರೇ ಇಂಜೆಕ್ಷನ್ ಕೊಡಬೇಕು, ತೂಕ ನೋಡಬೇಕು, ರಿಜಿಸ್ಟರ್ ಬರೆಯಬೇಕು. ಅಂದರೆ ಪೆಟ್ಟಿಗೆ ತಪ್ಪಿದರೂ ಸಿಸ್ಟರ್ ಕೆಲಸ ತಪ್ಪುವುದಿಲ್ಲ, ಇನ್ನಷ್ಟು ಹೆಚ್ಚುತ್ತದೆ.

ಹಾಗಾಗಿ ಎಷ್ಟೋ ಕಡೆ ನಡೆಯುವುದು ದಿನಕ್ಕೆ ಒಂದು ಗಂಟೆಯ ಶಾಸ್ತ್ರ. ಸಿಸೇರಿಯನ್ ಹೊಲಿಗೆ ಇನ್ನೂ ಹಸಿಯಾಗಿರುವವಳು ಬೆನ್ನಿಗೆ ಆಸರೆಯಿಲ್ಲದ ಸ್ಟೂಲಿನ ಮೇಲೆ ಕೂರುತ್ತಾಳೆ. ಒರಗು ಕುರ್ಚಿ ಇದ್ದರೂ ಒಂದೋ ಎರಡೋ. ರಿಜಿಸ್ಟರಿನಲ್ಲಿ 'ಕೆಎಂಸಿ ಕೊಡಲಾಗಿದೆ' ಎಂದು ದಾಖಲಾಗುತ್ತದೆ. ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಹೇಳಿದ್ದು ದಿನಕ್ಕೆ 8ರಿಂದ 24 ಗಂಟೆ. ಕೊಪ್ಪಳ ಜಿಲ್ಲೆಯಲ್ಲಿ ಬೆಂಗಳೂರಿನ ಸೇಂಟ್ ಜಾನ್ಸ್ ಸಂಶೋಧನಾ ಸಂಸ್ಥೆಯವರು ಸರ್ಕಾರದ ಜೊತೆ ಸೇರಿ ಮಾಡಿದ ಕೆಲಸ ನನಗೆ ಮೆಚ್ಚುಗೆಯಾಗುವುದು ಇದಕ್ಕೇ: ಅವರು ಶುರು ಮಾಡಿದವರ ತಲೆ ಎಣಿಸಿ ಸುಮ್ಮನಾಗಲಿಲ್ಲ. ಎಂಟು ಗಂಟೆ ಆಯಿತೇ, ಎದೆಹಾಲು ಬಿಟ್ಟು ಬೇರೇನೂ ಕೊಡಲಿಲ್ಲವೇ, ಮನೆಗೆ ಹೋದ ಮೇಲೂ ನಡೆಯಿತೇ ಎಂದು ಕೇಳಿದರು.

ಮನೆಯ ಮಾತು ಬಂದರೆ ಆಸ್ಪತ್ರೆಯವರು ಅಜ್ಜಿಯರನ್ನು ಬೈಯಲು ಶುರುಮಾಡುತ್ತಾರೆ. ಸಾಂಬ್ರಾಣಿ ಹೊಗೆ, ಎಣ್ಣೆ-ನೀರು ಈ ಕೂಸುಗಳಿಗೆ ಆಗದು, ಒಪ್ಪೋಣ. ಆದರೆ ಬಾಣಂತಿ ಕೆಲಸ ಮುಟ್ಟಬಾರದು, ಬೆಚ್ಚಗೆ ಮಲಗಿರಬೇಕು, ತವರಿನವರು ಕೂತಲ್ಲಿಗೇ ಊಟ ತರಬೇಕು ಎಂಬ ನಮ್ಮ ಬಾಣಂತನದ ಕಟ್ಟಳೆ ಕಾಂಗರೂ ಆರೈಕೆಗೆ ಹೇಳಿ ಮಾಡಿಸಿದ್ದು. ಅಜ್ಜಿಯನ್ನು ಮೊದಲ ದಿನವೇ ಒಳಗೆ ಕರೆದು ತೋರಿಸಿಕೊಟ್ಟರೆ ಅವಳಿಗಿಂತ ಕಟ್ಟುನಿಟ್ಟಿನ ಮೇಲ್ವಿಚಾರಕಿ ಸಿಗಲಾರಳು. ಅವಳ ಎದೆಯೂ ಬೆಚ್ಚಗೇ ಇರುತ್ತದೆ, ಸರದಿಗೆ ಒದಗುತ್ತಾಳೆ.

ಅಪ್ಪನೂ ಒದಗುತ್ತಾನೆ. ಆದರೆ ಪಕ್ಕದಲ್ಲಿ ಬೇರೆ ಹೆಂಗಸರು ಎದೆ ತೆರೆದು ಕೂತಿರುತ್ತಾರೆಂದು ಅವನನ್ನು ಬಾಗಿಲಲ್ಲೇ ತಡೆಯುತ್ತಾರೆ. ಅವನ ಪಾಲಿಗೆ ಔಷಧಿ ಚೀಟಿ ಹಿಡಿದು ಓಡಾಡುವುದಷ್ಟೇ. ಅವನನ್ನು ಒಳಗೆ ಬಿಡಲು ಬೇಕಾದದ್ದು ಎರಡು ಪರದೆ, ಒಂದು ಒರಗು ಕುರ್ಚಿ, ಅವನಿಗೂ ಕಲಿಸುವಷ್ಟು ಪುರುಸೊತ್ತಿರುವ ಒಬ್ಬ ಸಿಸ್ಟರ್. ಪರದೆ, ಕುರ್ಚಿಗೆ ದಾನಿಗಳು ಸಿಗುತ್ತಾರೆ. ಸಿಸ್ಟರ್‌ಗೆ ಹುದ್ದೆ ಮಂಜೂರಾಗಬೇಕು, ತಿಂಗಳು ತಿಂಗಳು ಸಂಬಳ ಕೊಡಬೇಕು.