ಚಂದ್ರಹಾಸನ ಆಟದ ಕಲ್ಲು

ಕಡೂರು ತಾಲ್ಲೂಕಿನ ದೇವನೂರು ಎಂದೊಡನೆ ಲಕ್ಷ್ಮೀಶ ಕವಿಯ ನೆನಪಾಗುತ್ತದೆ. ಆತ ಸುರಪುರದವನೆಂಬ ವಾದವೂ ಉಂಟು, ಅದು ಹಾಗಿರಲಿ. ವಾರ್ಧಕ ಷಟ್ಪದಿಯಲ್ಲಿ ಅವನು ರಚಿಸಿದ 'ಜೈಮಿನಿ ಭಾರತ'ದ ನಾದವನ್ನೂ ಉಪಮೆಗಳನ್ನೂ ವಿದ್ವಾಂಸರು ಮನಸಾರೆ ಹೊಗಳಿದ್ದಾರೆ. ಅದರಲ್ಲಿ ಬರುವ ಮಕ್ಕಳ ಆಟಕ್ಕೆ ಸಲ್ಲಬೇಕಾದ ಗಮನ ಸಂದಿಲ್ಲವೆಂದು ನನ್ನ ಅನಿಸಿಕೆ.

ಡಚ್ ಇತಿಹಾಸಕಾರ ಯೊಹಾನ್ ಹೌಜಿಂಗ 1938ರಲ್ಲಿ ಪ್ರಕಟಿಸಿದ 'ಹೋಮೋ ಲೂಡೆನ್ಸ್' ಗ್ರಂಥದಲ್ಲಿ, ಸಂಸ್ಕೃತಿಯು ಆಟದೊಳಗೇ ಅರಳುತ್ತದೆಂದು ವಾದಿಸಿದನು. ಮಹಾಭಾರತದಿಂದ ಅವನು ಎತ್ತಿಕೊಂಡ ಆಟ ಪಗಡೆ. ಅದು ರಾಜ್ಯವನ್ನೂ ಮಡದಿಯನ್ನೂ ಪಣಕ್ಕಿಟ್ಟ ಆಟ. ಕುಮಾರವ್ಯಾಸನ ಕಾವ್ಯ ಗದಾಪರ್ವಕ್ಕೆ ನಿಲ್ಲುತ್ತದೆ. ಆ ಜೂಜಿನ ಬೂದಿಯೆಲ್ಲ ಆರಿದ ಮೇಲಿನ ಅಶ್ವಮೇಧದ ಕಥೆ ಲಕ್ಷ್ಮೀಶನದು. ಅಲ್ಲಿ ಆಡುವವರು ಮಕ್ಕಳು.

ಚಂದ್ರಹಾಸನನ್ನೇ ನೋಡೋಣ. ಕೇರಳದ ಅರಸನ ಮಗ. ತಂದೆತಾಯಿಗಳಿಲ್ಲ, ಕುಂತಳಪುರಕ್ಕೆ ಕರೆತಂದ ದಾದಿಯೂ ತೀರಿಕೊಂಡಿದ್ದಾಳೆ. ಊರವರ ಕರುಣೆಯಿಂದ ಬೆಳೆಯುವ ಈ ತಬ್ಬಲಿಗೆ ಬೀದಿಯಲ್ಲಿ ಗುಂಡನೆಯ ಕಲ್ಲೊಂದು ಸಿಗುತ್ತದೆ. ಅದು ಸಾಲಿಗ್ರಾಮ. ಮಗುವಿಗೆ ಮಾತ್ರ ಅದು ಆಟದ ಕಲ್ಲು. ಆಡುತ್ತಾನೆ, ಕಳೆದುಹೋಗದಿರಲೆಂದು ಬಾಯಲ್ಲಿಟ್ಟುಕೊಳ್ಳುತ್ತಾನೆ. ಪೂಜೆಗೆ ಮೊದಲು ಆಟ! ಭಕ್ತಕವಿಯೆನಿಸಿದ ಲಕ್ಷ್ಮೀಶನು ಇದನ್ನು ಅಪಚಾರವೆಂದು ಬಗೆಯುವುದಿಲ್ಲ. ಪುನಃ ನೆಲೆಗೊಂಡ ಜೆರುಸಲೇಮನ್ನು ಬಣ್ಣಿಸುವಾಗ ಪ್ರವಾದಿ ಜೆಕರ್ಯನಿಗೂ ಕಂಡದ್ದು ಬೀದಿ ತುಂಬ ಆಡುವ ಹುಡುಗ ಹುಡುಗಿಯರೇ.

ಲವನ ಪ್ರಸಂಗ ಇಷ್ಟು ಸರಳವಲ್ಲ. ಯಜ್ಞಾಶ್ವದ ಹಣೆಯ ಬರಹವನ್ನೋದಿ ಕೆರಳಿದ ಬಾಲಕ, ಜೊತೆಯವರು ಹೆದರುತ್ತಿದ್ದರೂ ಅದನ್ನು ತನ್ನ ಉತ್ತರೀಯದಿಂದ ಬಾಳೆಯ ಗಿಡಕ್ಕೆ ಕಟ್ಟುತ್ತಾನೆ. ಹಿರಿಯರ ಪಂದ್ಯದ ನಿಯಮ ಹುಡುಗನಿಗೂ ಅನ್ವಯಿಸುತ್ತದೆ. ಯುದ್ಧವೇ ನಡೆಯುತ್ತದೆ. ಕಟ್ಟಿದ್ದು ಬಾಳೆಗಿಡಕ್ಕೆ ಎಂಬ ವಿವರದಲ್ಲಿ ಮಾತ್ರ ಮಕ್ಕಳಾಟದ ಎಳೆಯೊಂದು ಉಳಿದಿದೆ.

ಮತ್ತೆ ಕುಂತಳಪುರಕ್ಕೆ ಬಂದರೆ, ಬಾಲಕನ ಲಕ್ಷಣ ಕಂಡ ಬ್ರಾಹ್ಮಣರು ಇವನು ನಾಡಿನ ಒಡೆಯನಾಗುವನೆಂದು ನುಡಿಯುತ್ತಾರೆ. ಮಂತ್ರಿ ದುಷ್ಟಬುದ್ಧಿಗೆ ಅಂದಿನಿಂದ ಆ ಹುಡುಗನಲ್ಲಿ ಕಾಣುವುದು ನಾಳೆಯ ಅಧಿಕಾರ ಮಾತ್ರ, ಕೊಲೆಗಡುಕರನ್ನು ನೇಮಿಸುತ್ತಾನೆ. ಅವರೋ ಮರುಗಿ, ಆರನೆಯ ಕಾಲ್ಬೆರಳೊಂದನ್ನು ಕತ್ತರಿಸಿಕೊಂಡು ಹೋಗುತ್ತಾರೆ.

ನಮ್ಮ ತಂದೆತಾಯಿಗಳು ದುಷ್ಟಬುದ್ಧಿಗಳಲ್ಲ, ಒಪ್ಪಿದೆ. ಆದರೂ ಬೇಸಿಗೆ ಶಿಬಿರಕ್ಕೆ ಮಗುವನ್ನು ಸೇರಿಸುವಾಗ ನಾವು ಕೇಳುವ ಮೊದಲ ಪ್ರಶ್ನೆ, ಇದರಿಂದ ಮುಂದೆ ಏನು ಪ್ರಯೋಜನ ಎಂಬುದು. ಮಗುವಿನ ಆಡುವ ಹಕ್ಕನ್ನು 1989ರ ವಿಶ್ವಸಂಸ್ಥೆಯ ಒಡಂಬಡಿಕೆ ತನ್ನ 31ನೆಯ ವಿಧಿಯಲ್ಲಿ ಮಾನ್ಯ ಮಾಡಿದೆ. ಭಾರತವೂ 1992ರಲ್ಲಿ ಅದಕ್ಕೆ ಸೇರಿತು. ಆ ವಿಧಿಯಲ್ಲಿ ಪದಕದ ಮಾತಿಲ್ಲ. ದೇವನೂರಿನ ಕವಿಯ ಚಂದ್ರಹಾಸನೂ ಆ ಕಲ್ಲನ್ನು ಗೆಲ್ಲಲೆಂದು ಎತ್ತಿಕೊಂಡವನಲ್ಲ, ದುಂಡಗಿತ್ತು, ಎತ್ತಿಕೊಂಡ.