ಮರಕ್ಕೆ ನಾನೂರು ವರ್ಷವೆ?

ಹೆಂಗಸಿನ ವಯಸ್ಸನ್ನೂ ಗಂಡಸಿನ ಸಂಬಳವನ್ನೂ ಕೇಳಬಾರದಂತೆ. ಮರದ ವಯಸ್ಸಿಗೆ ಮಾತ್ರ ಅಂಥ ಸಂಕೋಚವಿಲ್ಲ. ಯಾವ ಊರಿಗೇ ಹೋಗಿ, ದೊಡ್ಡ ಆಲವೊಂದಿದ್ದರೆ ಕೇಳುವ ಮೊದಲೇ ಉತ್ತರ ಸಿದ್ಧ: "ಇದಕ್ಕೆ ನಾನೂರು ವರ್ಷ!" ಫಲಕಗಳೂ ಪತ್ರಿಕೆಯ ಲೇಖನಗಳೂ ಹಾಗೆಯೇ ಬರೆಯುತ್ತವೆ. ಈ ಬರಹಗಳ ಮೇಲೆ ನನ್ನ ಆಕ್ಷೇಪ ಇಷ್ಟೆ: ಅಂಕಿ ಹೇಳುತ್ತವೆ, ಲೆಕ್ಕ ತೋರಿಸುವುದಿಲ್ಲ. ಉತ್ತರವನ್ನಷ್ಟೇ ಬರೆದ ಹುಡುಗನಿಗೆ ನಾವು ಪೂರ್ತಿ ಅಂಕ ಕೊಡುತ್ತೇವೆಯೆ?

ಬೆಂಗಳೂರಿನ ಹತ್ತಿರದ ಕೇತೋಹಳ್ಳಿಯ ದೊಡ್ಡ ಆಲದ ಮರವನ್ನೇ ನೋಡಿ. ಸುಮಾರು ಮೂರು ಎಕರೆ ಹರಡಿರುವ ಅದಕ್ಕೂ ನಾನೂರು ವರ್ಷವೆಂದೇ ಪ್ರಸಿದ್ಧಿ. ಅದರ ಮೂಲಕಾಂಡ ರೋಗ ತಗುಲಿ 2000ದ ಸುಮಾರಿಗೆ ಸತ್ತುಹೋಯಿತು. ಈಗ ಮರವನ್ನು ಹೊತ್ತು ನಿಂತಿರುವುದು ಬಿಳಲುಗಳು. ತಾಯಿಕಾಂಡವೇ ಇಲ್ಲದ ಮೇಲೆ ಯಾವುದನ್ನು ಅಳೆದು ವಯಸ್ಸು ಹೇಳುವುದು?

ಕಡಿದು ಉಂಗುರ ಎಣಿಸಬಹುದಲ್ಲ ಎನ್ನುವವರಿದ್ದಾರೆ. ವಯಸ್ಸು ತಿಳಿಯಲು ಅಜ್ಜಿಯನ್ನೇ ಕೊಂದ ಹಾಗಾಯಿತು! ಅದೂ ಅಲ್ಲದೆ, ಚಳಿಗೆ ಬೆಳವಣಿಗೆ ನಿಲ್ಲುವ ಶೀತದೇಶದ ಮರಗಳಲ್ಲಿ ವರ್ಷಕ್ಕೊಂದು ಉಂಗುರ ಸ್ಪಷ್ಟವಾಗಿ ಮೂಡುತ್ತದೆ. ನಮ್ಮಲ್ಲಿ ತೇಗದಲ್ಲಿ ಹಾಗೆ ಕಾಣುತ್ತದೆ, ಆಲದಂಥ ಮರಗಳಲ್ಲಿ ನಂಬುವಂತಿಲ್ಲ. ಪೆನ್ಸಿಲಿಗಿಂತ ತೆಳ್ಳನೆಯ ಎಳೆಯೊಂದನ್ನು ಕಾಂಡದಿಂದ ಕೊರೆದು ತೆಗೆದು ನೋಡುವ ಉಪಾಯಕ್ಕೂ ಇದೇ ತೊಡಕು. ಒಳಗೆ ಪೊಟರೆಯಿದ್ದರಂತೂ ಮುಗಿದೇ ಹೋಯಿತು.

ಉಳಿದದ್ದು ಸುತ್ತಳತೆ. ನೆಲದಿಂದ ನಾಲ್ಕೂವರೆ ಅಡಿ ಎತ್ತರದಲ್ಲಿ ಹಗ್ಗ ಸುತ್ತಿ, ಆ ಹಗ್ಗವನ್ನು ಹೊಲಿಗೆಯ ಟೇಪಿನಿಂದ ಅಳೆದರಾಯಿತು. ಬಯಲಲ್ಲಿ ನಿಂತ ಮರದ ಸುತ್ತಳತೆ ವರ್ಷಕ್ಕೆ ಸುಮಾರು ಒಂದು ಅಂಗುಲ ಹೆಚ್ಚುತ್ತದೆ, ಕಾಡಿನೊಳಗೆ ಅದರರ್ಧ ಎಂಬುದು ಇಂಗ್ಲೆಂಡಿನ ವೃಕ್ಷತಜ್ಞ ಅಲನ್ ಮಿಚೆಲ್ ಕೊಟ್ಟ ಸೂತ್ರ. ಆ ಲೆಕ್ಕದಲ್ಲಿ 20 ಅಡಿ ಸುತ್ತಿನ ಮರಕ್ಕೆ 240 ವರ್ಷ. ಆದರೆ ಅಲ್ಲಿಯ ಅಳತೆಗೋಲು ಇಲ್ಲಿಯ ಮಳೆ ಮಣ್ಣಿಗೆ ಹೊಂದುವುದೆ? ನಮಗೆ ನಮ್ಮದೇ ಅಳತೆಗೋಲು ಬೇಕು. ಅದು ಸಿಗುವುದು ನೆಟ್ಟ ಕಾಲ ತಿಳಿದಿರುವ ಮರಗಳಲ್ಲಿ. ಹುಲಿಕಲ್ ಮತ್ತು ಕುದೂರಿನ ನಡುವೆ ತಿಮ್ಮಕ್ಕ, ಚಿಕ್ಕಯ್ಯ ದಂಪತಿಗಳು ಮಕ್ಕಳಂತೆ ಸಾಕಿದ ಆಲದ ಸಾಲು ಅಂಥದ್ದು. ಅವುಗಳ ಸುತ್ತಳತೆಯನ್ನು ವಯಸ್ಸಿನಿಂದ ಭಾಗಿಸಿದರೆ, ಅಂಥದೇ ನೆಲದ ಬೇರೆ ಆಲಗಳ ವಯಸ್ಸನ್ನು ಅಂದಾಜು ಮಾಡಬಹುದು.

ಕೆಲವೊಮ್ಮೆ ಅಳತೆಯೂ ಬೇಡ, ಇತಿಹಾಸವೇ ಸಾಕು. ದಕ್ಷಿಣ ಅಮೆರಿಕದ ಕಡೆಯ ಮಳೆಮರ ಭಾರತಕ್ಕೆ ಬಂದದ್ದೇ 19ನೆಯ ಶತಮಾನದಲ್ಲಿ. ಎಷ್ಟೇ ದಪ್ಪವಿರಲಿ, ಇಲ್ಲಿಯ ಮಳೆಮರಕ್ಕೆ ಮುನ್ನೂರು ವರ್ಷವೆಂದು ಯಾರಾದರೂ ಬರೆದರೆ ಅದು ಕಾಗಕ್ಕ ಗುಬ್ಬಕ್ಕನ ಕತೆ.

ಇಷ್ಟೆಲ್ಲ ಲೆಕ್ಕ ಏಕೆ ಎನ್ನುತ್ತೀರಾ? ನಮ್ಮ ಶಾಂತಿಗ್ರಾಮ ಬೆಂಗಳೂರು–ಮಂಗಳೂರು ಹೆದ್ದಾರಿಯ ಮೇಲಿದೆ. ಹೆದ್ದಾರಿ ಅಗಲವಾಗುವುದೆಂದರೆ ಏನೆಂದು ಇಂಥ ಊರಿನವರಿಗೆ ಬಿಡಿಸಿ ಹೇಳಬೇಕಿಲ್ಲ. ನಾನೂರು ವರ್ಷದ ಖ್ಯಾತಿಯ ಮರಕ್ಕೆ ಕಟ್ಟೆ, ಬೇಲಿ, ಫಲಕ. ಅರವತ್ತು ವರ್ಷದ್ದಕ್ಕೆ ಗರಗಸ. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯಿದೆ ಮರ ಕಡಿಯಲು ಅನುಮತಿ ಬೇಕೆನ್ನುವಾಗ ಅದು ಎಷ್ಟು ಹಳೆಯದೆಂದು ಕೇಳುವುದಿಲ್ಲ. ಕೇಳುವವರು ನಾವು. ಸುಳ್ಳು ನಾನೂರರ ಮುಂದೆ ನಿಜವಾದ ಅರವತ್ತು ಬಡವಾಗಿ ಕಾಣುತ್ತದೆ. ಅರವತ್ತನ್ನು ಉಳಿಸದೆ ನಾನೂರು ಬರುವುದಾದರೂ ಎಲ್ಲಿಂದ?

ಹಿತ್ತಲಲ್ಲಿ, ಬೀದಿಯಂಚಿನಲ್ಲಿ ಗಿಡ ನೆಟ್ಟ ದಿನವನ್ನು ಮನೆಯ ಲೆಕ್ಕದ ಪುಸ್ತಕದಲ್ಲಿ ಬರೆದಿಡಿ. ಅದು ಮರವಾದ ಮೇಲೆ ವರ್ಷಕ್ಕೊಮ್ಮೆ ಹಗ್ಗ ಸುತ್ತಿ ಅಳೆದು ಅದರ ಕೆಳಗೇ ಬರೆಯಿರಿ. ಮೊಮ್ಮಕ್ಕಳ ಕಾಲಕ್ಕೆ ಒಂದು ಮರದ ವಯಸ್ಸಾದರೂ ಲೆಕ್ಕದ ಸಮೇತ ಸಿಗಲಿ.