ಆಪೆರಾ ಎಂಬ ಹೆಸರೂ ನಮ್ಮ ಭಾಗವತರ ಮಟ್ಟುಗಳೂ

ಮಿತ್ರರೊಬ್ಬರ ಆಹ್ವಾನದ ಮೇರೆಗೆ ಕೊಪ್ಪದ ಸೇವಾಸಂಘವೊಂದರ ವಾರದ ಸಭೆಗೆ ಹೋಗಿದ್ದೆನು. ಅಂದಿನ ಉಪನ್ಯಾಸದ ವಿಷಯವು ನಮ್ಮ ಸೀಮೆಯ ಗೀತನಾಟಕದ ಚರಿತ್ರೆ. ಸಂಘದ ಲೆಕ್ಕಪತ್ರ, ರಕ್ತದಾನದ ಏರ್ಪಾಡು, ಹುಟ್ಟುಹಬ್ಬದ ಶುಭಾಶಯ ಇವೆಲ್ಲ ಮುಗಿದ ಮೇಲೆ ಉಪನ್ಯಾಸಕರಿಗೆ ಉಳಿದುದು ಇಪ್ಪತ್ತೈದು ನಿಮಿಷ. ಅಷ್ಟರಲ್ಲಿಯೂ ಅವರು ವಿದ್ವತ್ತಿನಿಂದಲೇ ಮಾತನಾಡಿದರು. ಆದರೆ ‘ಯಕ್ಷಗಾನವೇ ನಮ್ಮ ಮಲೆನಾಡಿನ ಆಪೆರಾ’ ಎಂಬ ಅವರ ಕಡೆಯ ಮಾತು ಮನೆಗೆ ಬಂದ ಮೇಲೂ ನನ್ನನ್ನು ಬಿಡಲಿಲ್ಲವಾದುದರಿಂದ ಇಷ್ಟನ್ನು ಬರೆಯಬೇಕಾಯಿತು.

ವಾರದ ಸಭೆಯೆಂದರೆ ಉಪಾಹಾರಕೂಟವೆಂದು ಹಗುರವಾಗಿ ನುಡಿಯುವವರುಂಟು. ನಾನು ಹಾಗೆನ್ನಲಾರೆನು. ಇಂತಹ ಸಂಘಗಳಲ್ಲಿ ಹಿರಿಯದಾದ ರೋಟರಿಯು 1905ರಲ್ಲಿ ಶಿಕಾಗೋ ನಗರದಲ್ಲಿ ಮೊದಲಾದಾಗ ಸದಸ್ಯರು ಸರದಿಯಂತೆ ಒಬ್ಬೊಬ್ಬರ ಕಚೇರಿಯಲ್ಲಿ ಕೂಡುತ್ತಿದ್ದುದರಿಂದಲೇ ಅದಕ್ಕೆ ಆ ಹೆಸರು ಬಂದಿತು. ಮಳೆಗಾಲದ ಸಂಜೆಗಳಲ್ಲಿ ನಮ್ಮ ಹಿರಿಯರು ಇಂದು ಈ ಮನೆಯ ಜಗುಲಿ, ನಾಳೆ ಆ ಮನೆಯ ಜಗುಲಿ ಎಂದು ತಾಳಮದ್ದಳೆಗೆ ಕೂಡುತ್ತಿದ್ದುದೂ ಹೀಗೆಯೇ. ಇನ್ನೂ ಸ್ವಾರಸ್ಯವೆಂದರೆ ಆಪೆರಾ ಎಂಬುದೇ ಒಂದು ಗೋಷ್ಠಿಯ ಕೂಸು. ಇಟಲಿಯ ಫ್ಲಾರೆನ್ಸಿನಲ್ಲಿ 1570-80ರ ದಶಕಗಳಲ್ಲಿ ಬಾರ್ದಿಯೆಂಬ ಶ್ರೀಮಂತನ ಮನೆಯಲ್ಲಿ ಪಂಡಿತರೂ ಗಾಯಕರೂ ಕಲೆತು, ಪ್ರಾಚೀನ ಗ್ರೀಕರು ತಮ್ಮ ನಾಟಕಗಳನ್ನು ಹೇಗೆ ಹಾಡುತ್ತಿದ್ದಿರಬಹುದೆಂದು ಚರ್ಚಿಸಿದರು. ಆ ಬಗೆಯ ಆಲೋಚನೆ ಬೆಳೆದು, ಪೆರಿಯೆಂಬಾತನು ಸ್ವರ ಸಂಯೋಜಿಸಿದ ‘ಯೂರಿಡೀಚೆ’ 1600ರಲ್ಲಿ ಅಲ್ಲಿಯೇ ಪ್ರಯೋಗವಾಯಿತು. ಪೂರ್ಣವಾಗಿ ಉಳಿದಿರುವ ಆಪೆರಾಗಳಲ್ಲಿ ಅದೇ ಮೊದಲನೆಯದು. ಉಪನ್ಯಾಸಕರು ಇದನ್ನು ಹೇಳಲಿಲ್ಲ. ಹೇಳಿದ್ದರೆ ಸಭಿಕರಿಗೆ ತಾವು ಕುಳಿತ ಕುರ್ಚಿಯ ಮೇಲೆಯೇ ಗೌರವ ಹೆಚ್ಚುತ್ತಿತ್ತು!

ಅವರು ಹೇಳಿದುದರಲ್ಲಿ ಬಹುಭಾಗವು ಕಂಪೆನಿಗಳ ಮತ್ತು ಮುದ್ರಿತ ನಾಟಕಗಳ ಕಥೆ. ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ ಹುಟ್ಟಿದ ಅಣ್ಣಾಸಾಹೇಬ ಕಿರ್ಲೋಸ್ಕರರು 1880ರಲ್ಲಿ ಪುಣೆಯಲ್ಲಿ ಆಡಿಸಿದ ಮರಾಠಿಯ ‘ಸಂಗೀತ ಶಾಕುಂತಲ’, ಮೈಸೂರರಮನೆಯ ಆಶ್ರಯದಲ್ಲಿ ಬಸವಪ್ಪ ಶಾಸ್ತ್ರಿಗಳು ಕನ್ನಡಿಸಿದ ಶಾಕುಂತಲ, ವರದಾಚಾರ್ಯರ ಗಾಯನ, ಗುಬ್ಬಿಯ ಕಂಪೆನಿ, ಕಡೆಗೆ ಪು.ತಿ.ನ. ಅವರ ‘ಗೋಕುಲ ನಿರ್ಗಮನ’. ಈ ಕ್ರಮದಲ್ಲಿ ದೋಷವಿಲ್ಲ. ‘ಗೋಕುಲ ನಿರ್ಗಮನ’ವನ್ನು ಬಿ.ವಿ. ಕಾರಂತರು ರಂಗಕ್ಕೆ ತಂದುದನ್ನು ವರ್ಣಿಸುವಾಗ ಉಪನ್ಯಾಸಕರ ಕಂಠವು ಆರ್ದ್ರವಾದುದನ್ನು ನಾನು ಕಂಡೆನು. ಆದರೆ ಕೊಪ್ಪ, ಶೃಂಗೇರಿ, ನರಸಿಂಹರಾಜಪುರಗಳ ಚರಿತ್ರೆಯೆಲ್ಲಿ? ಹಿರೇಕೊಡಿಗೆಯಲ್ಲಿ ಕುವೆಂಪು ಜನಿಸಿದರೆಂಬ ಒಂದು ವಾಕ್ಯ. ಯಕ್ಷಗಾನಕ್ಕೆ ಮೂರು ವಾಕ್ಯ. ಘಟ್ಟವನ್ನೇರಿ ಬರುವ ಮಂದಾರ್ತಿಯ ಮೇಳದಿಂದ ಹರಕೆಯಾಟವನ್ನು ಆಡಿಸಿದ ಮನೆಗಳು ಇಲ್ಲಿ ಎಷ್ಟಿಲ್ಲ!

ಇನ್ನು ಹೆಸರಿನ ಮಾತು. ಎರಡರಲ್ಲಿಯೂ ಕಥೆಯನ್ನು ಗಾನವೇ ನಡೆಸುವುದರಿಂದ ಹೋಲಿಕೆ ಇಲ್ಲದಿಲ್ಲ. ಆದರೆ ಆಪೆರಾದಲ್ಲಿ ಪಾತ್ರಧಾರಿಯೇ ಹಾಡುವನು. ನಮ್ಮಲ್ಲಿ ರಾಮನಿಗೂ ಶೂರ್ಪನಖಿಗೂ ಭಾಗವತರೊಬ್ಬರದೇ ಕಂಠ. ಅಲ್ಲಿ ಅಕ್ಷರಕ್ಕೆ ಸ್ವರವು ಗಂಟುಬಿದ್ದು ಕಾಗದದ ಮೇಲಿರುವುದು. ಇಲ್ಲಿ ಪಾರ್ತಿಸುಬ್ಬನ ‘ಪಂಚವಟಿ’ಯನ್ನೇ ತೆರೆದು ನೋಡಿದರೆ ಕಾಣುವುದು ಪದ್ಯ, ಅದರ ನೆತ್ತಿಯಲ್ಲಿ ರಾಗತಾಳಗಳ ಹೆಸರು, ಅಷ್ಟೆ. ಅರ್ಥವು ವೇಷಧಾರಿಯ ಆಶುಪ್ರತಿಭೆಗೆ ಬಿಟ್ಟುದು; ಒಂದು ರಾತ್ರಿ ಐದು ನಿಮಿಷದಲ್ಲಿ ಮುಗಿದ ಶೂರ್ಪನಖಿಯ ವಾದವು ಮತ್ತೊಂದು ರಾತ್ರಿ ಅರ್ಧ ಗಂಟೆ ಬೆಳೆದೀತು. ಪದ್ಯವನ್ನು ಯಾವ ಮಟ್ಟಿನಲ್ಲಿ ಎತ್ತಬೇಕು, ಎಲ್ಲಿ ನಿಲ್ಲಿಸಿ ಮದ್ದಳೆಗೆ ಎಡೆಗೊಡಬೇಕು ಎಂಬುದಂತೂ ಯಾವ ಪುಸ್ತಕದಲ್ಲಿಯೂ ಇಲ್ಲ. ಅದು ಗುರುವಿನ ಬಾಯಿಂದ ಶಿಷ್ಯನ ಕಿವಿಗೆ ಬಂದುದು.

ಆದುದರಿಂದಲೇ ಆ ಹೆಸರಿಗೆ ನಾನು ಅಂಜುವೆನು. ಆಪೆರಾ ಎಂದೊಡನೆ, ಕೃತಿಯು ಗ್ರಂಥರೂಪದಲ್ಲಿ ಭದ್ರವಾಗಿದೆ, ಬೇಕೆಂದಾಗ ತೆಗೆದು ಹಾಡಬಹುದು ಎಂಬ ಭ್ರಾಂತಿ ಹುಟ್ಟುವುದು. ಪಾಠಶಾಲೆಯಲ್ಲಿ ನಾವು ಭರತನ ನಾಟ್ಯಶಾಸ್ತ್ರದ ಧ್ರುವಾಗಾನವನ್ನು ಓದಿದೆವು. ಪ್ರಾವೇಶಿಕೀ, ಆಕ್ಷೇಪಿಕೀ, ಪ್ರಾಸಾದಿಕೀ, ಆಂತರಾ, ನೈಷ್ಕ್ರಾಮಿಕೀ ಎಂದು ಐದು ಭೇದಗಳನ್ನು ನಿದ್ದೆಯಲ್ಲಿ ಕೇಳಿದರೂ ಒಪ್ಪಿಸುತ್ತಿದ್ದೆವು. ಒಂದೇ ಒಂದು ಧ್ರುವೆಯನ್ನು ಹಾಡಿ ತೋರಿಸಬಲ್ಲವರು ಮಾತ್ರ ಇರಲಿಲ್ಲ. ಇರುವುದು ಶಕ್ಯವೂ ಇರಲಿಲ್ಲ. ಲಕ್ಷಣವು ಉಳಿದು ಗಾನವು ಅಳಿದಿತ್ತು. ಆ ದಿನಗಳಲ್ಲಿ ರಾತ್ರಿ ದೂರದಿಂದ ಚಂಡೆಯ ಸದ್ದು ಕೇಳಿದರೆ ಪಾಠಕ್ಕೆ ವಿಘ್ನವೆಂದು ಕಿಟಕಿ ಮುಚ್ಚಿಕೊಂಡವನು ನಾನು. ಪ್ರಾವೇಶಿಕಿಯ ಕಾರ್ಯವನ್ನೇ ಅಲ್ಲಿ ಭಾಗವತರು ನಡೆಸುತ್ತಿದ್ದರೆಂಬುದು ನನಗೆ ಹೊಳೆಯಲು ನಲವತ್ತು ವರ್ಷಗಳಾದುವು.

ಶಿವರಾಮ ಕಾರಂತರು ಅರ್ಥವನ್ನು ಕಳೆದು ಹಾಡು ಕುಣಿತಗಳಿಂದಲೇ ಪ್ರಯೋಗವನ್ನು ಕಟ್ಟಿ, ಪಿಟೀಲು ಸ್ಯಾಕ್ಸೋಫೋನುಗಳನ್ನು ಸೇರಿಸಿದಾಗ ಮೂಗು ಮುರಿದವರು ಹಲವರು. ಮಾತಿಲ್ಲದ ಆಟವು ನನಗೂ ರುಚಿಸದು. ಅಷ್ಟಾದರೂ ಹಳೆಯ ಮಟ್ಟುಗಳು ಭಾಗವತರ ಕಂಠದಲ್ಲಿವೆಯೆಂದರಿತು ಅವರ ಬಳಿಗೇ ಹೋದವರು ಕಾರಂತರು. ಈಗ ಕಾಲಮಿತಿಯ ಆಟಗಳು ಬಂದಿವೆ. ಬೆಳಗಿನವರೆಗಿನ ಪ್ರಸಂಗವನ್ನು ನಡುರಾತ್ರಿಗೆ ಮುಗಿಸುವಾಗ ಮೊದಲು ಬಿಡುವುದು ವಿಳಂಬಗತಿಯ ಪದ್ಯಗಳನ್ನು.

ಆ ಸಂಘದವರಿಗೆ ನನ್ನದೊಂದು ವಿನಂತಿಯುಂಟು. ತಿಂಗಳಲ್ಲಿ ಒಂದು ವಾರದ ಇಪ್ಪತ್ತೈದು ನಿಮಿಷವನ್ನು ಉಪನ್ಯಾಸಕರ ಬದಲು ಆಟದಿಂದ ನಿವೃತ್ತರಾದ ಭಾಗವತರೊಬ್ಬರಿಗೆ ಕೊಡಲಿ. ಜೊತೆಗೆ ಒಂದು ಮದ್ದಳೆಯಿದ್ದರೆ ಸಾಕು. ಸಭಿಕರ ಕೈಯಲ್ಲಿರುವ ಫೋನುಗಳಲ್ಲಿಯೇ ಹಾಡನ್ನು ಮುದ್ರಿಸಿಕೊಂಡು, ಇದು ಯಾವ ಪ್ರಸಂಗದ ಪದ್ಯ, ಈ ಮಟ್ಟನ್ನು ಅವರು ಯಾರಿಂದ ಕಲಿತರು ಎಂಬ ಎರಡು ವಿಷಯಗಳನ್ನು ಕಾರ್ಯದರ್ಶಿಗಳು ಪುಸ್ತಕದಲ್ಲಿ ಬರೆದಿಡಲಿ. ಇದನ್ನು ಅಂದೇ ಹೇಳಬೇಕೆಂದು ಎದ್ದು ನಿಂತಿದ್ದೆನು. ಅಷ್ಟರಲ್ಲಿ ಅಧ್ಯಕ್ಷರು ಗಂಟೆ ಬಾರಿಸಿಬಿಟ್ಟರು.